ಮುಟ್ಟಿನ ನೋವಿಗೆ ಶುಂಠಿ, ಕ್ಯಾಮೊಮೈಲ್, ಡಾಂಗ್ ಕ್ವಾಯ್: ಯಾವುದು ಯಾರಿಗೆ?

ಈ ಮೂರರಲ್ಲಿ ಯಾವುದು ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ನೋವು ಕಡಿಮೆಯಾಗಬೇಕು, ಅಷ್ಟೇ ಅಂದರೆ ನಾನು ಮೊದಲು ಶುಂಠಿಯ ಕಡೆ ನೋಡುತ್ತೇನೆ. ಗರ್ಭಕೋಶವನ್ನು ಹಿಂಡಿ ನೋವು ತರುವುದು ದೇಹದಲ್ಲೇ ತಯಾರಾಗುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ, ಶುಂಠಿ ಅದರ ಉತ್ಪತ್ತಿಯನ್ನು ತಗ್ಗಿಸುತ್ತದೆ. ಮುಟ್ಟಿನ ಮೊದಲ 3-4 ದಿನ, ದಿನಕ್ಕೆ 750ರಿಂದ 2000 ಮಿಲಿಗ್ರಾಂ ಒಣಶುಂಠಿ ಪುಡಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ನೋವು ತಗ್ಗಿದೆ. ಆದರೆ ಎದೆಯುರಿ ಇರುವವರಿಗೆ ಉರಿ ಜಾಸ್ತಿಯಾಗಬಹುದು.

ಯುರೋಪಿನವರ ಕ್ಯಾಮೊಮೈಲ್ ಹೂವಿನ ಕಷಾಯ ಹೊಟ್ಟೆಗೆ ಸೌಮ್ಯ. ನೋವಿನ ಜೊತೆ ನಿದ್ದೆ ಬಾರದೆ ಒದ್ದಾಡುತ್ತೀರಾ? ಹಾಗಾದರೆ ಇದು ನಿಮಗೆ ಹೊಂದಬಹುದು, ಸೇವಂತಿ ಜಾತಿಯ ಹೂಗಳ ಅಲರ್ಜಿ ಇದ್ದರೆ ಮಾತ್ರ ಬೇಡ.

ಡಾಂಗ್ ಕ್ವಾಯ್ ಚೀನಾದ ಬೇರು. ಅಲ್ಲಿ ಇದನ್ನು ಸಾಮಾನ್ಯವಾಗಿ ಬೇರೆ ಮೂಲಿಕೆಗಳ ಜೊತೆ, ಆಯಾ ವ್ಯಕ್ತಿಯನ್ನು ನೋಡಿ ಕೊಡುತ್ತಾರೆ. ಹಾಗಿರುವಾಗ ಸುಮ್ನೆ ಒಂದು ಮಾತ್ರೆ ಡಬ್ಬಿ ತಂದು ನುಂಗುವುದು ಆ ಪದ್ಧತಿಯೇ ಅಲ್ಲ, ಅಲ್ವಾ? ತಿಳಿದ ವೈದ್ಯರು ಸಿಕ್ಕಿದರೆ ಯೋಚಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧಿ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಗರ್ಭಿಣಿಯರಿಗೂ ಬೇಡ.

ಖರ್ಚು, ಸುಲಭ ಎರಡರಲ್ಲೂ ಶುಂಠಿ ಮುಂದೆ, ಅಡುಗೆಮನೆಯಲ್ಲೇ ಸಿಗುತ್ತದೆ. ಕ್ಯಾಮೊಮೈಲ್ ಬಿಸಿನೀರಿಗೆ ಹಾಕಿ ಮುಚ್ಚಿಟ್ಟರೆ ಸಾಕು.

ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು ರಕ್ತ ಹೋಗುತ್ತಿದ್ದರೆ, ಅಥವಾ ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಈ ಮೂರನ್ನೂ ಬದಿಗಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.