10 ಲೀಟರ್, 18 ಲೀಟರ್, 33 ಲೀಟರ್: ನನ್ನ ಪಿಸಿ ಕೊನೆಗೆ ಯಾವ ಡಬ್ಬಿಯಲ್ಲಿ ಕೂತಿತು

ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಜಿನ ಮೇಲೆ ಈಗ ಇರುವುದು 18 ಲೀಟರ್ ಗಾತ್ರದ ಕೂಲರ್ ಮಾಸ್ಟರ್ ಎನ್‌ಆರ್200 ಕೇಸ್, ಅಂದರೆ ಪಿಸಿಯ ಭಾಗಗಳೆಲ್ಲ ಕೂರುವ ಡಬ್ಬಿ. ಸದ್ಯಕ್ಕೆ ಅದನ್ನು ಬದಲಾಯಿಸುವ ಯೋಚನೆ ಇಲ್ಲ. ಅದಕ್ಕೂ ಮುಂಚೆ 10 ಲೀಟರ್‌ನ ಒಂದು ಪುಟ್ಟ ಕೇಸ್ ಕೊಂಡು ಆರು ತಿಂಗಳು ಒದ್ದಾಡಿದ್ದೆ. ಅದರ ಹೆಸರು ಬೇಡ ಬಿಡಿ. ನಡುವೆ ಗೆಳೆಯನೊಬ್ಬನಿಗೆ 33 ಲೀಟರ್‌ನ ಆಸುಸ್ ಎಪಿ201 ಕೇಸಿನಲ್ಲಿ ಪಿಸಿ ಜೋಡಿಸಿಕೊಟ್ಟೆ. ಹೀಗೆ ಮೂರೂ ಡಬ್ಬಿಗಳಲ್ಲಿ ಬೆರಳು ಕೊಯ್ದುಕೊಂಡದ್ದಾಗಿದೆ.

ನನಗೆ ಚಿಕ್ಕದೇ ಯಾಕೆ ಬೇಕಿತ್ತು ಅಂದರೆ, ನಾನಿರುವುದು ಬೆಂಗಳೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ, ಅಪ್ಪ ಅವ್ವ ಇರುವುದು ರಾಯಚೂರಿನಲ್ಲಿ. ಎರಡು ತಿಂಗಳಿಗೊಮ್ಮೆ ಊರಿಗೆ ಹೋಗಿ ಹದಿನೈದು ದಿನ ಅಲ್ಲಿಂದಲೇ ಕೆಲಸ ಮಾಡುತ್ತೇನೆ. ವಿಡಿಯೊ ಎಡಿಟಿಂಗ್ ಕೆಲಸ, ಲ್ಯಾಪ್‌ಟಾಪ್ ಸಾಲುವುದಿಲ್ಲ. ಪಿಸಿ ನನ್ನ ಜೊತೆ ರಾತ್ರಿ ರೈಲಿನಲ್ಲಿ, ಬರ್ತ್‌ನ ಮೇಲೆ ತಲೆದಿಂಬಿನ ಪಕ್ಕ ಮಲಗಿ ಬರಬೇಕು.

10 ಲೀಟರ್ ಕೇಸ್ ನೋಡಿದ ಕೂಡಲೇ ಮನಸ್ಸು ಹೋಗಿತ್ತು. ದಪ್ಪ ಡಿಕ್ಷನರಿ ನಾಲ್ಕು ಒಟ್ಟಿಗೆ ನಿಲ್ಲಿಸಿದಷ್ಟೇ ಜಾಗ. ಒಳಗೆ ಒಂದು ಕಡೆ ಮದರ್‌ಬೋರ್ಡ್, ಅದರ ಬೆನ್ನಿಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್. ಎರಡನ್ನೂ ಜೋಡಿಸುವುದು ರೈಸರ್ ಕೇಬಲ್ ಅನ್ನುವ ಅಗಲ ಪಟ್ಟಿ. ನನ್ನ ಕಥೆಯಲ್ಲಿ ಖಳನಾಯಕ ಈ ಪಟ್ಟಿಯೇ.

ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಕಾರ್ಡ್ ಹೋಗಿರಬೇಕು ಅಂದುಕೊಂಡೆ. ಬಿಚ್ಚಿ ನೇರವಾಗಿ ಬೋರ್ಡಿಗೆ ಸಿಕ್ಕಿಸಿದರೆ ಸರಿಯಾಗೇ ಇದೆ! ಮತ್ತೆ ಒಳಗೆ ಹಾಕಿದರೆ ಕಪ್ಪು. ಒಂದು ಇಡೀ ಭಾನುವಾರ ಇದರಲ್ಲೇ ಹೋಯಿತು. ಕಡೆಗೆ ಗೊತ್ತಾದದ್ದು ಇಷ್ಟು: ನನ್ನ ಕಾರ್ಡ್ ಆರ್‌ಟಿಎಕ್ಸ್ 3060, ಅದು ಪಿಸಿಐಇ ಜೆನ್ 4, ಅಂದರೆ ಕಾರ್ಡ್ ಮತ್ತು ಬೋರ್ಡ್ ನಡುವಿನ ಸಂಪರ್ಕದ ನಾಲ್ಕನೇ ಪೀಳಿಗೆ; ಪೀಳಿಗೆ ಹೆಚ್ಚಿದಂತೆ ವೇಗವೂ ಹೆಚ್ಚು. ಬೋರ್ಡ್ ಕೂಡ ಜೆನ್ 4. ಕೇಸ್ ಜೊತೆ ಬಂದ ರೈಸರ್ ಮಾತ್ರ ಜೆನ್ 3. ಎರಡೂ ತುದಿಯವರು ಜೋರಾಗಿ ಮಾತಾಡಲು ನೋಡುತ್ತಾರೆ, ನಡುವಿನ ತಂತಿಗೆ ಆ ವೇಗ ತಾಳುವುದಿಲ್ಲ. ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯಬಹುದಾದ, ಬೋರ್ಡಿನದೇ ಸೆಟ್ಟಿಂಗ್ ಪುಟ) ಆಟೊ ಅಂತ ಇರುವುದನ್ನು ಜೆನ್ 3 ಅಂತ ಮಾಡಿದರೆ ಮುಗಿಯಿತು. 3060ರಂಥ ಕಾರ್ಡಿಗೆ ಅದರಿಂದ ಕಣ್ಣಿಗೆ ಕಾಣುವಷ್ಟು ನಷ್ಟವೂ ಇಲ್ಲ.

ಆದರೆ ಬಯಾಸ್ ಒಳಗೆ ಹೋಗಲು ಪರದೆ ಕಾಣಬೇಕಲ್ವಾ? ನನ್ನ ಪ್ರೊಸೆಸರ್ ರೈಝನ್ 5 5600. ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಎಚ್‌ಡಿಎಂಐ ಕಿಂಡಿ ಸುಮ್ನೆ ಅಲಂಕಾರಕ್ಕೆ. ಅಂದರೆ ಎಲ್ಲ ಬಿಚ್ಚಿ, ಬೋರ್ಡನ್ನು ರಟ್ಟಿನ ಡಬ್ಬದ ಮೇಲಿಟ್ಟು, ಕಾರ್ಡನ್ನು ನೇರ ಸಿಕ್ಕಿಸಿ, ಸೆಟ್ಟಿಂಗ್ ಬದಲಾಯಿಸಿ, ಮತ್ತೆ ಎಲ್ಲ ಕೇಸಿನೊಳಗೆ ತುರುಕಬೇಕು. ಎರಡು ಗಂಟೆಯ ಕೆಲಸ. (5600ಜಿ ಅನ್ನುವ ಪ್ರೊಸೆಸರ್ ತಗೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಅದು ಜೆನ್ 3ಕ್ಕಿಂತ ಮುಂದೆ ಹೋಗುವುದೇ ಇಲ್ಲ.)

ಒಂದು ಸಲ ಆದರೆ ಸಹಿಸಬಹುದು. ಮುಂದಿನ ವಾರ ರಾಯಚೂರಿಗೆ ಹೋದೆ, ಸ್ವಿಚ್ ಒತ್ತಿದೆ, ಕಪ್ಪು. ಮನೆಯ ನಡುಮನೆಯಲ್ಲಿ ಸ್ಕ್ರೂಗಳನ್ನೆಲ್ಲ ತಟ್ಟೆಗೆ ಸುರಿದುಕೊಂಡು ಕೂತೆ. ವಾಪಸ್ ಬೆಂಗಳೂರಿಗೆ ಬಂದೆ, ಮತ್ತೆ ಕಪ್ಪು. ರೈಲಿನ ಕುಲುಕಾಟಕ್ಕೆ ರೈಸರ್ ಸಡಿಲವಾಗುತ್ತಿದೆ ಅಂತ ನಂಬಿ ಸ್ಪಂಜು ತುರುಕಿದೆ, ಟೇಪ್ ಸುತ್ತಿದೆ. ಮೂರನೇ ಪ್ರಯಾಣದ ನಂತರ ಬಯಾಸ್‌ನ ಮೂಲೆಯಲ್ಲಿ ತಾರೀಕು ನೋಡಿದೆ. ಅದು ಎಷ್ಟೋ ವರ್ಷ ಹಿಂದಿನದು. ಇಂಥ ಕೇಸಿಗೆ ಬೇಕಾದ ಪುಟ್ಟ ಅಳತೆಯ ಮಿನಿ ಐಟಿಎಕ್ಸ್ ಬೋರ್ಡ್ ಹೊಸದು ದುಬಾರಿ ಅಂತ ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ತಾರೀಕು, ಸೆಟ್ಟಿಂಗ್ ನೆನಪಿಡಲು ಅದರ ಮೇಲಿರುವ ಬಟನ್ ಸೆಲ್ ಸಾಯುತ್ತ ಬಂದಿತ್ತು. ಮನೆಯಲ್ಲಿ ಪ್ಲಗ್ ಹಾಕಿದ್ದಷ್ಟು ದಿನ ನೆನಪಿರುತ್ತಿತ್ತು. ಕೇಸಿಗೆ ತುರುಕುವಷ್ಟು ಹೊತ್ತು ಪ್ಲಗ್ ಕಿತ್ತರೂ ಹೇಗೋ ತಾಳುತ್ತಿತ್ತು. ಕಿತ್ತು ರಾತ್ರಿಯಿಡೀ ರೈಲಿನಲ್ಲಿ ಬಂದರೆ ಎಲ್ಲ ಮರೆತು ಮತ್ತೆ ಆಟೊ. ಊರಿಗೆ ಒಯ್ಯಲಿ ಅಂತಲೇ ಕೊಂಡ ಡಬ್ಬಿ, ಊರಿಗೆ ಒಯ್ದರೆ ಮಾತ್ರ ಕೆಡುತ್ತಿತ್ತು!

ಸೆಲ್ ಹಾಕಿಸಿದ ಮೇಲೆ ಸರಿಯಾಯಿತು, ಸುಳ್ಳು ಹೇಳುವುದಿಲ್ಲ. ತಪ್ಪಿನಲ್ಲಿ ಅರ್ಧ ನನ್ನದೇ. ಆದರೆ ಆಮೇಲೂ ಪ್ರತಿಸಲ ಸ್ವಿಚ್ ಒತ್ತುವಾಗ ಎದೆ ಡವಡವ ಅನ್ನುತ್ತಿತ್ತು. ಬಯಾಸ್ ಅಪ್‌ಡೇಟ್ ಮಾಡಿದರೂ ಸೆಟ್ಟಿಂಗ್ ಹೋಗುತ್ತದೆ ಅಂತ ಅದನ್ನೂ ಮಾಡಲಿಲ್ಲ.

ಜೊತೆಗೆ ಬಿಸಿ. ಆ ಕೇಸಿನಲ್ಲಿ ಪ್ರೊಸೆಸರನ್ನು ತಣ್ಣಗಿಡುವ ಕೂಲರ್‌ಗೆ ಇರುವ ಎತ್ತರ ಆರು ಸೆಂಟಿಮೀಟರೂ ಇಲ್ಲ. ಪ್ರೊಸೆಸರ್ ಜೊತೆ ಬಂದ ಗಿಡ್ಡ ಕೂಲರೇ ಗತಿ. ಮೇ ತಿಂಗಳಲ್ಲಿ ವಿಡಿಯೊ ರೆಂಡರ್‌ಗೆ ಹಾಕಿದರೆ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿತ್ತು. "ಇಷ್ಟ್ ಸಣ್ಣ ಡಬ್ಬಿಗ್ಯಾಕ ಇಷ್ಟು ಗದ್ಲ?" ಅಂತ ಅವ್ವ ಕೇಳಿದಳು. ರಾಯಚೂರಿಗೆ ಇರುವ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಸಾಲವು ಅಂತ ನಾನೊಂದು ಹೊತ್ತು ತಂದಂತಾಗಿತ್ತು.

ಎನ್‌ಆರ್200 18 ಲೀಟರ್. ಬೋರ್ಡ್ ಅದೇ ಮಿನಿ ಐಟಿಎಕ್ಸ್, ಪವರ್ ಸಪ್ಲೈ ಅದೇ ಎಸ್‌ಎಫ್‌ಎಕ್ಸ್ ಅನ್ನುವ ಪುಟ್ಟ ಅಳತೆಯದು. ಹಾಗಾಗಿ ಕೇಸ್ ಮತ್ತು ಕೂಲರ್ ಬಿಟ್ಟು ಬೇರೇನೂ ಕೊಳ್ಳಬೇಕಾಗಲಿಲ್ಲ. ಕಾರ್ಡ್ ನೇರವಾಗಿ ಬೋರ್ಡಿಗೆ ಕೂರುತ್ತದೆ, ನಡುವೆ ಯಾವ ಪಟ್ಟಿಯೂ ಇಲ್ಲ. ನನಗೆ ಇದೊಂದೇ ಸಾಕಿತ್ತು. 15 ಸೆಂಟಿಮೀಟರ್ ಎತ್ತರದ ಟವರ್ ಕೂಲರ್ ಹಿಡಿಯಿತು. ಅದೇ ರೆಂಡರ್, ಅದೇ ರಾಯಚೂರು, ಈಗ ಎಪ್ಪತ್ತರ ಆಸುಪಾಸು. ಅಕ್ಕಪಕ್ಕದ, ಮೇಲಿನ ಹಲಗೆಗಳೆಲ್ಲ ಕೈಯಲ್ಲೇ ಎಳೆದರೆ ಬರುತ್ತವೆ. ಹಳೇ ಬೆನ್ನಚೀಲಕ್ಕೆ ಹಿಡಿಸುವುದಿಲ್ಲ, ದೊಡ್ಡ ಚೀಲ ಕೊಂಡೆ. ನನ್ನದರಲ್ಲಿ ಮುಂದುಗಡೆ ಟೈಪ್ ಸಿ ಇಲ್ಲ. ವೈರ್‌ಗಳನ್ನು ಬಚ್ಚಿಡಲು ಸ್ವಲ್ಪ ತಾಳ್ಮೆ ಬೇಕು. ಅಷ್ಟೇ.

ಎಪಿ201 ಬಗ್ಗೆ ಕೆಟ್ಟ ಮಾತು ಹೇಳಲು ನನಗೆ ಏನೂ ಸಿಗಲಿಲ್ಲ. ಮಿನಿ ಐಟಿಎಕ್ಸ್‌ಗಿಂತ ದೊಡ್ಡದಾದ ಮೈಕ್ರೋ ಎಟಿಎಕ್ಸ್ ಬೋರ್ಡ್ ಕೂರುತ್ತದೆ, ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ ಹಿಡಿಸುತ್ತದೆ. ದುಡ್ಡು ಉಳಿಯುವುದು ಅಲ್ಲೇ. ನಾನು ಎಸ್‌ಎಫ್‌ಎಕ್ಸ್‌ಗೆ ಕೊಟ್ಟದ್ದು ಗೆಳೆಯ ಅಷ್ಟೇ ವ್ಯಾಟಿನ ಎಟಿಎಕ್ಸ್‌ಗೆ ಕೊಟ್ಟದ್ದರ ಹೆಚ್ಚುಕಮ್ಮಿ ಎರಡರಷ್ಟು. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯವರು ಮೊದಲೇ ಹೇಳಿದ್ದರು: "ಸಾರ್, ಮೈಕ್ರೋ ತಗೊಳ್ಳಿ. ಉಳಿದ ದುಡ್ಡಲ್ಲಿ ಒಂದು ಎಸ್‌ಎಸ್‌ಡಿ ಬರುತ್ತೆ." ಗೆಳೆಯ ಕೇಳಿದ, ಅವನಿಗೆ ಎಸ್‌ಎಸ್‌ಡಿ ಬಂತು. ಒಳಗೆ ಕೈ ಆಡುತ್ತದೆ, ಒಂದು ಸಂಜೆಯಲ್ಲಿ ಜೋಡಿಸಿ ಮುಗಿಸಿದೆ. ಸುತ್ತಲೂ ಜಾಲರಿ, ಗಾಳಿ ಧಾರಾಳ. ಆದರೆ 33 ಲೀಟರ್. ಬರ್ತ್‌ನ ಮೇಲೆ ಅದು ಮಲಗಿದರೆ ನಾನು ಎದ್ದು ಕೂರಬೇಕು. ಅವನ ಪಿಸಿ ಮೇಜು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅವನಿಗೆ ಸರಿ.

ನನ್ನ ಹತ್ತಿರ ಐಟಿಎಕ್ಸ್ ಬೋರ್ಡ್, ಎಸ್‌ಎಫ್‌ಎಕ್ಸ್ ಮೊದಲೇ ಇರದಿದ್ದರೆ, ಊರಿನ ಓಡಾಟವೂ ಇರದಿದ್ದರೆ ಕಣ್ಣುಮುಚ್ಚಿ ಎಪಿ201 ತಗೊಳ್ಳುತ್ತಿದ್ದೆ. ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು ಅನ್ನುವವರಿಗೆ ಈ ಮೂರರಲ್ಲಿ 10 ಲೀಟರ್‌ನದೇ ಹೆಚ್ಚು ಅನುಕೂಲ. ಅಂಥವರು ಕೊಳ್ಳುವ ಮುಂಚೆ ರೈಸರ್ ಯಾವ ಜೆನ್ ಅಂತ ಕೇಳಿ.

ಆ ಪುಟ್ಟ ಕೇಸನ್ನು ಹೋದ ತಿಂಗಳು ಒಬ್ಬ ಕಾಲೇಜು ಹುಡುಗನಿಗೆ ಅರ್ಧ ಬೆಲೆಗೆ ಮಾರಿದೆ. ಒಳಗಡೆ, ರೈಸರ್ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿದ್ದೇನೆ: "ಪರದೆ ಕಪ್ಪಾದರೆ ಗಾಬರಿಯಾಗಬೇಡ. ಜೆನ್ 3 ಮಾಡು. ಸೆಲ್ ನೋಡು."