ಮಕ್ಕಳ ಜೊತೆ ಕ್ಯಾಂಪಿಂಗ್ ಹೋಗುವವರು ಒಂದೇ ಪದರದ ಟೆಂಟ್ ಕೊಳ್ಳಬೇಡಿ

ವಾರಾಂತ್ಯಕ್ಕೆ ಒಂದು ರಾತ್ರಿ ಸುಮ್ನೆ ಹೊರಗೆ ಮಲಗಿ ಬರೋಣ ಎಂದು ಮೊದಲ ಸಲ ಟೆಂಟ್ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದೂವರೆ, ಎರಡು ಸಾವಿರ ರೂಪಾಯಿಗೆ ‘ನಾಲ್ಕು ಜನರ ವಾಟರ್‌ಪ್ರೂಫ್ ಟೆಂಟ್’ ಎಂದು ಆನ್‌ಲೈನ್‌ನಲ್ಲಿ ಮಾರುವುದನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ ಬಹಳಷ್ಟು ಒಂದೇ ಪದರದ ಬಟ್ಟೆಯವು. ಅಂಥದ್ದನ್ನು ದಯವಿಟ್ಟು ಕೊಳ್ಳಬೇಡಿ. ಜೊತೆಗೆ ಚಿಕ್ಕ ಮಕ್ಕಳಿದ್ದರಂತೂ ಬೇಡವೇ ಬೇಡ.

ನನ್ನ ತಮ್ಮ ತರಿಸಿದ್ದು ಇಂಥದ್ದೇ. ಹೆಸರಿನಲ್ಲೇ ವಾಟರ್‌ಪ್ರೂಫ್ ಎಂದಿತ್ತು. ಚಿತ್ರದಲ್ಲಿ ಟೆಂಟಿನ ಮೇಲೆ ಮಳೆ ಸುರಿಯುತ್ತಿತ್ತು, ಒಳಗೆ ನಾಲ್ಕು ಜನ ನಗುತ್ತಾ ಕುಳಿತಿದ್ದರು. ಮಾರ್ಚ್ ಕೊನೆಯಲ್ಲಿ ನಾನು, ತಮ್ಮ, ಅವನ ಹೆಂಡತಿ, ಅವರ ಪುಟ್ಟ ಮಗಳು ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟಕ್ಕೆ ಹೋದೆವು. ಅಲ್ಲಿ ಟೆಂಟ್ ಹಾಕಿಕೊಳ್ಳಲು ಬಯಲು ಬಿಟ್ಟುಕೊಡುತ್ತಾರೆ.

ಮಲೆನಾಡಿನಲ್ಲಿ ಮಳೆ ಜೂನ್‌ವರೆಗೆ ಕಾಯುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಮಳೆಗೇ ಕಾಫಿ ಗಿಡ ಹೂ ಬಿಡುವುದು. ತೋಟದವರು ಅದಕ್ಕಾಗಿ ಕಾಯುತ್ತಿರುತ್ತಾರೆ. ಸಂಜೆ ತೋಟದ ರೈಟರ್, ಅಂದರೆ ಅಲ್ಲಿನ ಲೆಕ್ಕಪತ್ರ ನೋಡಿಕೊಳ್ಳುವವರು, ಬಂದು ಆಕಾಶ ನೋಡಿ, ‘ಮೇಡಂ, ಮೋಡ ಕಟ್ತಾ ಇದೆ. ಗುಡುಗು ಶುರುವಾದ್ರೆ ಕಾಯ್ಬೇಡಿ, ಮಗೂನ ಕರ್ಕೊಂಡು ಗೋಡೌನಿಗೆ ಬಂದುಬಿಡಿ’ ಎಂದರು. ಬೀಗದ ಕೈಯನ್ನೂ ಕೊಟ್ಟು ಹೋದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರನ್ನು ನೆನೆಯುತ್ತೇನೆ.

ರಾತ್ರಿ ಊಟ ಮುಗಿಸಿ ಮಲಗಿದ ಮೇಲೆ ಮಳೆ ಬಂತು. ಮೊದಲು ನೀರು ಇಳಿದದ್ದು ನೆತ್ತಿಯ ಹೊಲಿಗೆಯಿಂದ. ಆಮೇಲೆ ಜಿಪ್ಪಿನ ಪಕ್ಕದಿಂದ. ಸ್ವಲ್ಪ ಹೊತ್ತಿಗೆ ಗೋಡೆಗೆ ತಾಗಿದ್ದ ಹೊದಿಕೆಗಳೆಲ್ಲ ನೀರು ಹೀರತೊಡಗಿದವು. ‘ಅತ್ತೆ, ನನ್ನ ದಿಂಬೆಲ್ಲಾ ಒದ್ದೆಯಾಗಿದೆ’ ಎಂದು ಮಗು ಎದ್ದು ಕೂತಿತು. ಗಾಳಿ ಜೋರಾದಾಗ ಒಂದು ಫೈಬರ್ ಕೋಲು ಜೋಡಣೆಯ ಹತ್ತಿರ ಸೀಳಿ, ಮೇಲಿನ ಬಟ್ಟೆ ನಮ್ಮ ಮುಖದ ಮೇಲೇ ಕುಸಿಯಿತು. ಕತ್ತಲಲ್ಲಿ ಅದನ್ನು ಎತ್ತಿ ಹಿಡಿಯಲು ಹೋದ ತಮ್ಮನ ಅಂಗೈಗೆ ಫೈಬರ್ ಚೂರು ಚುಚ್ಚಿಕೊಂಡವು. ಮಗು ನಡುಗುತ್ತಿತ್ತು. ಸಂಜೆ ಜೋಳ ಸುಟ್ಟ ಇದ್ದಿಲಿನ ಒಲೆ ಹೊರಗೆ ಚಾವಣಿಯ ಕೆಳಗೆ ಇನ್ನೂ ಕೆಂಪಗಿತ್ತು. ಅದನ್ನು ಒಳಗೆ ತಂದರೆ ಬೆಚ್ಚಗಾಗುತ್ತದಲ್ಲ ಎಂದು ನಾದಿನಿ ಕೇಳಿದಳು. ಅಷ್ಟರಲ್ಲಿ ಟಾರ್ಚ್ ಹಿಡಿದು ಬಂದ ರೈಟರ್, ‘ಅಯ್ಯೋ ಬೇಡಮ್ಮ, ಇದ್ದಿಲು ಒಳಗೆ ಇಡಲೇಬೇಡಿ’ ಎಂದು ನಮ್ಮನ್ನೆಲ್ಲ ಗೋಡೌನಿಗೆ ಕರೆದುಕೊಂಡು ಹೋದರು.

ಇದನ್ನು ಒತ್ತಿ ಹೇಳಬೇಕು. ಟೆಂಟಿನ ಒಳಗೆ ಇದ್ದಿಲಾಗಲಿ, ಗ್ಯಾಸ್ ಸ್ಟೋವ್ ಆಗಲಿ ಉರಿಸಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗದೆ ಪ್ರಾಣ ಹೋಗಬಹುದು. ಹೊಗೆ ಕಾಣದಿದ್ದರೂ ಅದು ಇರುತ್ತದೆ. ಜಿಪ್ಪು ಸ್ವಲ್ಪ ತೆರೆದಿಟ್ಟರೆ ಸಾಕು ಅನ್ನುವವರ ಮಾತು ಕೇಳಬೇಡಿ. ಒದ್ದೆಯಾದ ಮಗುವಿಗೆ ಬೇಕಾದದ್ದು ಒಣ ಬಟ್ಟೆ ಮತ್ತು ಒಣ ಜಾಗ. ಅದಕ್ಕೇ ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾರಿನಲ್ಲೇ ಇಟ್ಟಿರಿ.

ಈಗ ಟೆಂಟ್ ಯಾಕೆ ಸೋರಿತು ಎಂಬ ವಿಷಯ. ಬೆಂಗಳೂರಿಗೆ ಬಂದ ಮೇಲೆ ಅದನ್ನು ಬಿಡಿಸಿ ಹೊಲಿಗೆ ಹೊಲಿಗೆಯಾಗಿ ನೋಡಿದೆ. ಒಳ್ಳೆಯ ಟೆಂಟಿಗೆ ಎರಡು ಪದರ ಇರುತ್ತವೆ. ಒಳಗಿನದು ಗಾಳಿಯಾಡುವ ತೆಳು ಬಟ್ಟೆ ಅಥವಾ ಬಲೆ. ಅದರ ಮೇಲೆ ಮಳೆ ತಡೆಯುವ ಇನ್ನೊಂದು ಹೊದಿಕೆ. ಅದನ್ನು ಫ್ಲೈ ಅನ್ನುತ್ತಾರೆ. ಎರಡರ ನಡುವೆ ಗಾಳಿ ಓಡಾಡುತ್ತದೆ. ನಮ್ಮ ಟೆಂಟಿನಲ್ಲಿ ಇದ್ದದ್ದು ಒಂದೇ ಬಟ್ಟೆ, ನೆತ್ತಿಯ ಮೇಲೆ ಕರವಸ್ತ್ರದಷ್ಟು ಒಂದು ಮುಚ್ಚಳ. ಇಂಥದ್ದರಲ್ಲಿ ಮಳೆ ಬಾರದಿದ್ದರೂ ತೊಂದರೆ ತಪ್ಪಿದ್ದಲ್ಲ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರು, ಕೊಡಗಿನ ಚಳಿಗೆ ಮೂರು ನಾಲ್ಕು ಜನರ ಉಸಿರು ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಬೆಳಗಿನ ಹೊತ್ತಿಗೆ ಹೊದಿಕೆ ಒದ್ದೆ. ಟೆಂಟ್ ಸೋರಿದೆ ಎಂದು ಜನ ಅಂದುಕೊಳ್ಳುತ್ತಾರೆ, ಆದರೆ ಅದು ನಮ್ಮದೇ ಉಸಿರಿನ ನೀರು. ಎರಡು ಪದರ ಇದ್ದರೆ ಆ ನೀರು ಹೊರಗಿನ ಹೊದಿಕೆಯ ಒಳಬದಿಯಲ್ಲಿ ಇಳಿದು ಹೋಗುತ್ತದೆ, ನಿಮ್ಮ ಮೈಗೆ ತಾಗುವುದಿಲ್ಲ. ಫ್ಲೈ ಅರ್ಧಕ್ಕೆ ನಿಂತಿರಬಾರದು. ನೆಲದ ಹತ್ತಿರದವರೆಗೆ ಸುತ್ತಲೂ ಇಳಿದಿರಬೇಕು.

ಇನ್ನೊಂದು, ಮಿಲಿಮೀಟರ್ ಲೆಕ್ಕ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರು ನಿಂತರೆ ಅದು ಜಿನುಗಲು ಶುರುವಾಗುತ್ತದೆ ಎಂದು ಅಳೆಯುತ್ತಾರೆ. 1500, 2000, 3000 ಮಿ.ಮೀ. ಎಂದು ಬರೆದಿರುವುದು ಅದೇ. ಮಳೆಗೆ ಕನಿಷ್ಠ 1500 ಇರಲಿ, ನಮ್ಮ ಘಟ್ಟದ ಮಳೆಗೆ 2000 ಇದ್ದರೆ ಒಳ್ಳೆಯದು. ನೆಲದ ಬಟ್ಟೆಗೆ ಇನ್ನೂ ಜಾಸ್ತಿ ಬೇಕು. ಮೊಣಕಾಲು ಊರಿದಾಗ ಒದ್ದೆ ನೆಲದ ನೀರು ಒತ್ತಡಕ್ಕೆ ಮೇಲೆ ಬರುತ್ತದೆ. ವಾಟರ್‌ಪ್ರೂಫ್ ಎಂದು ದೊಡ್ಡದಾಗಿ ಬರೆದು ಈ ಅಂಕಿಯನ್ನೇ ಕೊಡದವರ ಹತ್ತಿರ ಕೊಳ್ಳಬೇಡಿ. ನಮ್ಮದರ ಪುಟದಲ್ಲಿ ಅಂಕಿ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ‘ವಾಟರ್ ರೆಸಿಸ್ಟೆಂಟ್’ ಎಂದಿತ್ತು. ಅಂದರೆ ಸ್ವಲ್ಪ ಹನಿ ತಡೆಯುತ್ತದೆ, ಅಷ್ಟೇ. ಎರಡೂ ಒಂದೇ ಅಲ್ಲ ಅಲ್ವಾ?

ಆದರೆ ಅಂಕಿ ಬಟ್ಟೆಗೆ ಮಾತ್ರ. ಸೂಜಿ ಹೋದಲ್ಲೆಲ್ಲ ತೂತು ಇರುತ್ತದೆ. ಫ್ಲೈ ತಿರುಗಿಸಿ ಒಳಗಡೆ ನೋಡಿ. ಹೊಲಿಗೆಯ ಉದ್ದಕ್ಕೂ ಪಾರದರ್ಶಕ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ಎಂಥ ಬಟ್ಟೆಯಾದರೂ ಸೋರುತ್ತದೆ. ಹಾಗೆಯೇ ನೆಲದ ಬಟ್ಟೆ ನಾಲ್ಕೂ ಕಡೆ ಅರ್ಧ ಗೇಣಾದರೂ ಮೇಲಕ್ಕೆ ಬಂದಿರಬೇಕು. ನಮ್ಮದರಲ್ಲಿ ಗೋಡೆ ಮತ್ತು ನೆಲ ಸೇರುವ ಹೊಲಿಗೆ ಮಣ್ಣಿನ ಮಟ್ಟದಲ್ಲೇ ಇತ್ತು. ಹರಿದು ಬಂದ ನೀರು ನೇರ ಒಳಗೆ. ಕೆಳಗೆ ಟಾರ್ಪಾಲು ಹಾಸುವವರು ಅದರ ಅಂಚು ಟೆಂಟಿನಿಂದ ಹೊರಗೆ ಚಾಚದಂತೆ ಒಳಕ್ಕೆ ಮಡಚಬೇಕು. ಚಾಚಿದ್ದರೆ ಗೋಡೆಯಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನ ಕೆಳಗೆ ತಂದಿಡುತ್ತದೆ.

‘ನಾಲ್ಕು ಜನರಿಗೆ’ ಅನ್ನುವುದೂ ನಂಬುವ ಮಾತಲ್ಲ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಟೆಂಟಿನಲ್ಲಿ ನಾಲ್ವರು ಮಲಗಿದರೆ ಒಬ್ಬರಿಗೆ 50 ಸೆಂ.ಮೀ. ಬ್ಯಾಗಿಗೆ ಜಾಗವೇ ಇಲ್ಲ. ಎತ್ತರದವರ ತಲೆ, ಕಾಲು ಇಳಿಜಾರು ಗೋಡೆಗೆ ತಾಗೇ ತಾಗುತ್ತವೆ. ಇಬ್ಬರಿಗೆ ಮೂರು ಜನರದು, ಇಬ್ಬರು ದೊಡ್ಡವರು ಒಂದು ಮಗುವಿಗೆ ನಾಲ್ಕು ಜನರದು ತಗೊಳ್ಳಿ.

ಕೋಲು ಫೈಬರ್‌ನದಾದರೂ ಪರವಾಗಿಲ್ಲ, ಸ್ವಲ್ಪ ದಪ್ಪ ಇರಲಿ. ಜೊತೆಗೆ ಕೊಡುವ ತಂತಿಯಂಥ ಗೂಟಗಳು ಬೇಸಿಗೆಯ ಗಟ್ಟಿ ಮಣ್ಣಿನಲ್ಲಿ ಬಾಗಿಹೋಗುತ್ತವೆ. ಗಟ್ಟಿ ಉಕ್ಕಿನ ಗೂಟ ಬೇರೆ ಕೊಳ್ಳಿ, ದುಬಾರಿಯಲ್ಲ. ಛತ್ರಿಯ ಹಾಗೆ ತಾನೇ ಬಿಚ್ಚಿಕೊಳ್ಳುವ ಟೆಂಟ್ ನೋಡಲು ಚೆನ್ನ. ಆದರೆ ನೆತ್ತಿಯ ಆ ಪ್ಲಾಸ್ಟಿಕ್ ಜೋಡಣೆ ಒಡೆದರೆ ಹೊಲದ ನಡುವೆ ರಿಪೇರಿ ಮಾಡಲಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ವರ್ಷಕ್ಕೆ ಒಂದೆರಡು ಸಲ ಹೋಗುವವರಾದರೆ ಮೊದಲು ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಟೆಂಟ್, ಮಲಗುವ ಚೀಲ ಬಾಡಿಗೆ ಕೊಡುವ ಅಂಗಡಿಗಳಿವೆ. ಕೊಳ್ಳಲೇಬೇಕು ಎಂದರೆ ಮೂರು ನಾಲ್ಕು ಸಾವಿರದ ಆಸುಪಾಸಿನಲ್ಲಿ ಎರಡು ಪದರದ ಸಾಧಾರಣ ಟೆಂಟ್ ಸಿಗುತ್ತವೆ. ಜಾಸ್ತಿಯಾದ ಆ ಹಣ ಒದ್ದೆಯಾಗದೆ ಮಲಗುವ ಒಂದು ರಾತ್ರಿಗೆ. ಸಾಧ್ಯವಾದರೆ ಬಿಚ್ಚಿ ನಿಲ್ಲಿಸಿಟ್ಟಿರುವ ಅಂಗಡಿಗೆ ಹೋಗಿ, ಒಳಗೆ ಮಲಗಿ ನೋಡಿ.

ಮನೆಗೆ ಬಂದ ದಿನವೇ ತಾರಸಿಯ ಮೇಲೆ ನಿಲ್ಲಿಸಿ. ಸಿಮೆಂಟಿಗೆ ಗೂಟ ಹೊಡೆಯಲಾಗದು, ಹಗ್ಗಗಳನ್ನು ನೀರು ತುಂಬಿದ ಕ್ಯಾನಿಗೆ ಕಟ್ಟಿ ಎಳೆಯಿರಿ. ಒಳಗೆ ಹಳೆ ಪೇಪರ್ ಹಾಸಿ. ಹೊರಗಿನಿಂದ ಕಾಲು ಗಂಟೆ ಪೈಪಿನಲ್ಲಿ ನೀರು ಬಿಡಿ. ಪೇಪರ್ ಮೇಲೆ ಎಲ್ಲಿ ಕಲೆ ಬಿದ್ದಿದೆಯೋ ಅಲ್ಲಿ ಸೋರುತ್ತಿದೆ. ಒಂದೆರಡು ಹೊಲಿಗೆಯಾದರೆ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಹಚ್ಚಿ ಸರಿ ಮಾಡಬಹುದು. ಸುತ್ತಲೂ ಸೋರಿದರೆ ವಾಪಸ್ ಕಳಿಸಿ. ಮಡಚುವ ಮುಂಚೆ ಪೂರ್ತಿ ಒಣಗಿಸಿ. ಒದ್ದೆ ಟೆಂಟನ್ನು ಚೀಲಕ್ಕೆ ತುಂಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಒಳಗಿನ ಲೇಪನ ಅಂಟಂಟಾಗಿ ಕಿತ್ತು ಬರುತ್ತದೆ.

ನಮ್ಮದರ ವಾಪಸಾತಿ ಗಡುವು ಮುಗಿದಿದೆ ಎಂದು ಮಾರಿದವರು ಕೈ ತೊಳೆದುಕೊಂಡರು. ಬಿಡಬೇಡಿ. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಿದವರು ವಾಪಸ್ ತೆಗೆದುಕೊಳ್ಳಲು, ಹಣ ಕೊಡಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ಮಾರಾಟದ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆವು. ಮೊದಲು ಅರ್ಧ ಹಣ ಕೊಡುತ್ತೇವೆ ಎಂದವರು ಕೊನೆಗೆ ಪೂರ್ತಿ ಕೊಟ್ಟರು. ನಮ್ಮ ಕೈ ಹಿಡಿದದ್ದು ತಮ್ಮ ಕೊಳ್ಳುವಾಗಲೇ ತೆಗೆದಿಟ್ಟಿದ್ದ ಆ ಪುಟದ ಸ್ಕ್ರೀನ್‌ಶಾಟ್. ದೂರು ಹೋದ ಮೇಲೆ ಅವರು ಹೆಸರಿನಿಂದ ವಾಟರ್‌ಪ್ರೂಫ್ ಎಂಬುದನ್ನು ತೆಗೆದುಹಾಕಿದ್ದರು. ಹಾಗಾಗಿ ದುಡ್ಡು ಕಟ್ಟುವ ಮುಂಚೆಯೇ ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಸಣ್ಣ ಅಕ್ಷರದ ಭಾಗವೂ ಸೇರಿ.