‘ಮೂರು ಸೆನ್ಸರ್ ಒಂದೇ ಸಲ ಹೋಗಲ್ಲ ಅಕ್ಕ’: ಹಾಸನದ ಬೋರ್ಡಿಲ್ಲದ ವೈರಿಂಗ್ ಅಂಗಡಿ

ಹಾಸನದ ಬಿ.ಎಂ. ರಸ್ತೆ ಬದಿಯಲ್ಲಿ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಬೋರ್ಡ್ ಇಲ್ಲ. ಗಾಡಿಯವರೆಲ್ಲ ‘ವೈರಿಂಗ್ ಅಂಗಡಿ’ ಅಂತಲೇ ಕರೆಯುತ್ತಾರೆ. ಒಂಬತ್ತು ದಿನ ನಿಂತಿದ್ದ ನಮ್ಮ ಬ್ಯಾಕ್‌ಹೋ ಲೋಡರನ್ನು (ಮಣ್ಣು ಅಗೆದು ತುಂಬುವ ಗಾಡಿ) ಈ ಅಂಗಡಿಯವರು ಎರಡೂವರೆ ಗಂಟೆಯಲ್ಲಿ ಕೆಲಸಕ್ಕೆ ಇಳಿಸಿದರು. ಆ ಎರಡೂವರೆ ಗಂಟೆ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಎರಡು ಗಾಡಿ ಇವೆ. ಯಜಮಾನರಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ಬಾಡಿಗೆ, ಡೀಸೆಲ್, ರಿಪೇರಿ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಹಳೇ ಗಾಡಿಯದ್ದು ಮೆಕ್ಯಾನಿಕಲ್ ಪಂಪ್. ಸೆನ್ಸರ್ ತಲೆನೋವೇ ಇಲ್ಲ. ಇನ್ನೊಂದು 2022ರದ್ದು. 2021ರ ಏಪ್ರಿಲ್‌ನಲ್ಲಿ ಚಕ್ರದ ಗಾಡಿಗಳಿಗೆ ಬಿಎಸ್ 4 ಹೊಗೆ ನಿಯಮ ಬಂತಲ್ಲ, ಅದಾದ ಮೇಲೆ ತೆಗೆದುಕೊಂಡಿದ್ದು. ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಜೋರು ಪ್ರೆಶರ್‌ನಲ್ಲಿ ಡೀಸೆಲ್ ಹೋಗುತ್ತದೆ, ಆ ಪೈಪೇ ರೈಲ್), ಅದನ್ನು ನಡೆಸುವ ಕಂಪ್ಯೂಟರ್ ಅಂದರೆ ಇಸಿಯು, ತುಂಬಾ ಸೆನ್ಸರ್.

ಮೇ ತಿಂಗಳು. ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಕೆರೆ ಹೂಳು ತೆಗೆಯುವ ಕೆಲಸ. ಮಳೆ ಹಿಡಿಯುವುದರೊಳಗೆ ಮುಗಿಯಬೇಕಿತ್ತು. ಮೂರನೇ ದಿನ ಎಂಜಿನ್ ಲೈಟ್ ಬಂತು, ಪಿಕಪ್ ಹೋಯಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ 1,200 ಆರ್‌ಪಿಎಂ ದಾಟುತ್ತಿರಲಿಲ್ಲ. ಹತ್ತು ನಿಮಿಷ ಆಫ್ ಮಾಡಿ ಮತ್ತೆ ಹಾಕಿದರೆ ಸರಿಹೋಗುತ್ತಿತ್ತು. ದಿಬ್ಬ ಹತ್ತಿದರೆ ಅದೇ ಕಥೆ.

ಮೊದಲು ಬಂದ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರು. ಇಸಿಯು ಬರೆದಿಟ್ಟ ತೊಂದರೆಯ ನಂಬರ್‌ಗಳನ್ನು, ಅಂದರೆ ಕೋಡ್‌ಗಳನ್ನು, ತೋರಿಸುವ ಯಂತ್ರ ಅದು. ಆಯಿಲ್ ಪ್ರೆಶರ್ ಸೆನ್ಸರ್ ಹೋಗಿದೆ ಅಂದರು. 4,200 ರೂಪಾಯಿ. ಅರ್ಧ ದಿನ ಓಡಿ ಮತ್ತೆ ಲೈಟ್. ಆಮೇಲೆ ರೈಲ್ ಪ್ರೆಶರ್ ಸೆನ್ಸರ್ ಅಂದರು. ಅದಕ್ಕೆ 11,500. ಅದೂ ಆಗಲಿಲ್ಲ. ಕೊನೆಗೆ ‘ಇಸಿಯು ಹೋಗಿದೆ, 1,40,000 ಆಗುತ್ತೆ’ ಅಂತ ನಮ್ಮ ಆಪರೇಟರ್ ಹುಡುಗನಿಗೆ ಹೇಳಿ ಹೋದರು. ದುಡ್ಡು ಕೊಡುವವಳು ನಾನು ಅಲ್ಲೇ ನಿಂತಿದ್ದೆ, ನನಗೆ ಹೇಳಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ವೈರಿಂಗ್ ಅಂಗಡಿಯ ಅಣ್ಣ ಬಂದವರು ಮೊದಲು ನೋಡಿದ್ದು ನನ್ನ ಫೋನನ್ನು. ಕೋಡ್ ಅಳಿಸುವ ಮುಂಚೆ ನಾನು ಸ್ಕ್ಯಾನರ್‌ನ ಫೋಟೋ ತೆಗೆದಿಟ್ಟಿದ್ದೆ. ಅದರಲ್ಲಿ ನಾಲ್ಕು ಸಾಲು ಇತ್ತು: 100-4, 102-4, 157-4, 3509-4. ಮೊದಲಿನ ನಂಬರ್ ಎಸ್‌ಪಿಎನ್. ಯಾವ ವಿಷಯದ ತೊಂದರೆ ಅಂತ ಅದು ಹೇಳುತ್ತದೆ. 100 ಅಂದರೆ ಆಯಿಲ್ ಪ್ರೆಶರ್, 102 ಟರ್ಬೋ ಬೂಸ್ಟ್, 157 ರೈಲ್ ಪ್ರೆಶರ್. ಗೆರೆ ಆದ ಮೇಲಿನದು ಎಫ್‌ಎಂಐ, ಎಂಥ ತೊಂದರೆ ಅಂತ. 4 ಅಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಡಿಮೆ, ಅಥವಾ ವೈರ್ ಅರ್ತ್‌ಗೆ ತಾಗಿದೆ. 3 ಬಂದರೆ ಅದಕ್ಕೆ ಉಲ್ಟಾ, ವೋಲ್ಟೇಜ್ ಜಾಸ್ತಿ.

‘ಮೂರು ಸೆನ್ಸರ್ ಒಂದೇ ಸಲ ಹೋಗಲ್ಲ ಅಕ್ಕ. ಕೊನೇ ಸಾಲು ನೋಡಿ’ ಅಂದರು. 3509 ಅಂದರೆ ಇಸಿಯು ಸೆನ್ಸರ್‌ಗಳಿಗೆ ಕೊಡುವ 5 ವೋಲ್ಟ್ ಸಪ್ಲೈ. ನಮ್ಮ ಎಂಜಿನ್ನಿನಲ್ಲಿ ಆ ಮೂರಕ್ಕೂ ಒಂದೇ ಸಪ್ಲೈ. ಅದು ಬಿದ್ದರೆ ಮೂರೂ ಒಟ್ಟಿಗೆ ಕೂಗುತ್ತವೆ. ಉತ್ತರ ಪಟ್ಟಿಯಲ್ಲೇ ಇತ್ತು. ಮೊದಲನೇ ಸಾಲು ನೋಡಿ ಸಾಮಾನು ತರಿಸಿದ್ದರಿಂದ 15,700 ರೂಪಾಯಿ ಹೋಯಿತು.

ಹಾಗಂತ ಆಯಿಲ್ ಪ್ರೆಶರ್ ಕೋಡನ್ನು ಅವರು ಸುಮ್ನೆ ಬಿಡಲಿಲ್ಲ. ಇದು ನನಗೆ ತುಂಬಾ ಹಿಡಿಸಿತು. ಸೆನ್ಸರ್ ಬಿಚ್ಚಿ, ಆ ತೂತಿಗೆ ಮುಳ್ಳಿನ ಗೇಜ್ ಹಾಕಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ನೋಡಿದರು. ಪ್ರೆಶರ್ ಚೆನ್ನಾಗಿತ್ತು. 100ರ ಪಕ್ಕ 4ರ ಬದಲು 1 ಬಂದಿದ್ದರೆ ಪ್ರೆಶರ್ ಕೆಟ್ಟದಾಗಿ ಇಳಿದಿದೆ ಅಂತ. ಆಗ ಎಂಜಿನ್ ತಕ್ಷಣ ಆಫ್ ಮಾಡಬೇಕು, ಲೈಟ್ ಅಲ್ವಾ ಅಂತ ಓಡಿಸಬಾರದು. ಇದನ್ನು ಆಪರೇಟರ್‌ಗೆ ಎರಡು ಸಲ ಹೇಳಿಸಿದರು.

ಆಮೇಲೆ ಮಲ್ಟಿಮೀಟರ್. ಕೀ ಆನ್, ಎಂಜಿನ್ ಆಫ್. ಸೆನ್ಸರ್ ಕನೆಕ್ಟರ್‌ನಲ್ಲಿ ಸರಿಯಾಗಿ 5 ವೋಲ್ಟ್ ತೋರಿಸಿತು. ಆ ಲೈನಿನ ಸೆನ್ಸರ್‌ಗಳನ್ನೆಲ್ಲ ಕಿತ್ತುಬಿಟ್ಟು, ಮೀಟರನ್ನು ನನ್ನ ಕೈಗೆ ಕೊಟ್ಟು, ತಾವು ವೈರಿಂಗ್ ಕಟ್ಟನ್ನು ಒಂದು ತುದಿಯಿಂದ ಅಲ್ಲಾಡಿಸುತ್ತಾ ಹೋದರು. ಎಂಜಿನ್ ಹಿಂದೆ ಒಂದು ಬ್ರಾಕೆಟ್ ಹತ್ತಿರ ಕೈ ಹೋದಾಗ 5 ಇದ್ದದ್ದು 0.2ಕ್ಕೆ ಬಿತ್ತು. ಕೈ ಬಿಟ್ಟರೆ ಮತ್ತೆ 5. ಸೆನ್ಸರ್ ಒಂದೂ ಇಲ್ಲದೆ ವೋಲ್ಟೇಜ್ ಬಿದ್ದರೆ ತಪ್ಪು ವೈರಿನದ್ದೇ ತಾನೇ?

ಟೇಪ್ ಬಿಚ್ಚಿದರೆ ಒಂದು ವೈರಿನ ಸಿಪ್ಪೆ ಸವೆದು ತಾಮ್ರ ಕಾಣುತ್ತಿತ್ತು. ಹಿಂದೆ ಯಾರೋ ಹೋಸ್ ಬದಲಾಯಿಸಿದಾಗ ಅಲ್ಲಿನ ಕ್ಲ್ಯಾಂಪ್ ವಾಪಸ್ ಹಾಕಿರಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ವೈರ್ ಕಬ್ಬಿಣಕ್ಕೆ ತಾಗುತ್ತಿತ್ತು. ಸೋಲ್ಡರ್ ಮಾಡಿ, ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್ ಹಾಕಿ, ರಬ್ಬರ್ ಇರುವ ಹೊಸ ಕ್ಲ್ಯಾಂಪ್ ಕೂರಿಸಿದರು. ಬಂದು ಹೋದ ಖರ್ಚೂ ಸೇರಿ 2,800 ರೂಪಾಯಿ.

ಹೋಗುವ ಮುಂಚೆ ಇನ್ನೂ ಎರಡು ಮಾತು ಹೇಳಿದರು. ಬಕೆಟ್‌ಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಇಸಿಯು ಕನೆಕ್ಷನ್ ತೆಗೆಯಿರಿ, ಅರ್ತ್ ಕ್ಲ್ಯಾಂಪನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಹಿಡಿಸಿ. ವಾಟರ್ ಸರ್ವಿಸ್ ಮಾಡಿಸುವಾಗ ಕನೆಕ್ಟರ್‌ಗಳಿಗೆ ನೇರ ಪ್ರೆಶರ್ ನೀರು ಬಿಡಿಸಬೇಡಿ.

ಕೊರತೆಯೂ ಇದೆ. ಫೋನ್ ಎತ್ತುವುದು ಕಷ್ಟ, ನಾನು ನಾಲ್ಕು ದಿನ ಕಾದೆ. ಜಿಎಸ್‌ಟಿ ಬಿಲ್ ಇಲ್ಲ, ಚೀಟಿಯಲ್ಲಿ ಬರೆದು ಕೊಡುತ್ತಾರೆ. ನನ್ನಂಥವರಿಗೆ ಲೆಕ್ಕ ಇಡಲು ಇದು ತೊಂದರೆ. ಎಲ್ಲ ಕಂಪನಿಯ ಸಾಫ್ಟ್‌ವೇರ್ ಅವರ ಹತ್ತಿರ ಇಲ್ಲ. 520192ರಿಂದ ಮೇಲಿನ ಎಸ್‌ಪಿಎನ್ ನಂಬರ್‌ಗಳು ಆಯಾ ಕಂಪನಿ ತಾನೇ ಇಟ್ಟುಕೊಂಡವು, ಅಂಥ ಕೋಡ್ ಬಂದರೆ ಡೀಲರ್ ಹತ್ತಿರವೇ ಹೋಗಿ ಅಂತ ಮೊದಲೇ ಹೇಳುತ್ತಾರೆ. ಹೈಡ್ರಾಲಿಕ್ ಕೆಲಸ ಮುಟ್ಟುವುದಿಲ್ಲ.

ಹೋಗುವುದಾದರೆ ಬೆಳಿಗ್ಗೆ ಎಂಟಕ್ಕೇ ಹೋಗಿ, ಆಮೇಲೆ ಸೈಟ್‌ಗೆ ಹೊರಟುಬಿಡುತ್ತಾರೆ. ಕೋಡ್ ಅಳಿಸಿಕೊಂಡು ಹೋಗಬೇಡಿ, ಎಲ್ಲ ಸಾಲೂ ಕಾಣುವ ಹಾಗೆ ಫೋಟೋ ತೆಗೆದುಕೊಂಡು ಹೋಗಿ. ನಮ್ಮ ಗಾಡಿಯಿಂದ ಬಿಚ್ಚಿದ ಹಳೇ ಸೆನ್ಸರ್ ಎರಡನ್ನೂ ಅವರು ಮೀಟರ್ ಹಿಡಿದು ನೋಡಿದರು. ಎರಡೂ ಸರಿಯಿವೆ. ಒರೆಸಿ, ಹೆಸರು ಬರೆದು, ಸ್ಪೇರ್ ಅಂತ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ.